ಡಿಫರೆನ್ಷಿಯಲ್ ಆಯಿಲ್: ಪಂಪ್ ಹಾಕಿ ಎಳೆಯೋದಾ, ಮುಚ್ಚಳ ಬಿಚ್ಚೋದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮುಚ್ಚಳ ಬಿಚ್ಚುವುದಕ್ಕೇ. ಪಿಕಪ್‌ನ ಹಿಂದಿನ ಆಕ್ಸಲ್ ನಡುವೆ ಇರುವ ಗೇರ್ ಪೆಟ್ಟಿಗೆಯ, ಅಂದರೆ ಡಿಫರೆನ್ಷಿಯಲ್‌ನ, ಆಯಿಲನ್ನು ಮನೆಯಲ್ಲೇ ಎರಡೂ ರೀತಿಯಲ್ಲಿ ಬದಲಾಯಿಸಿ ನೋಡಿದ್ದೇನೆ. ತುಂಬುವ ತೂತಿನಿಂದ ಪಂಪಿನಲ್ಲಿ ಎಳೆದದ್ದೂ ಆಯ್ತು, ಮುಚ್ಚಳ ಬಿಚ್ಚಿ ಸುರಿಸಿದ್ದೂ ಆಯ್ತು. ಈ ಸಲ ಮುಚ್ಚಳದ ಸಂದಿ ಸೋರದಂತೆ ನಡುವೆ ಇಡುವ, ರಬ್ಬರ್ ಲೇಪದ ಉಕ್ಕಿನ ಪ್ಯಾಕಿಂಗ್ ಒಂದನ್ನು ಕೊಂಡು ಹಾಕಿದ ಮೇಲಂತೂ ಇನ್ನು ಬೇರೆ ಯೋಚನೆಯೇ ಬೇಡ ಅನ್ನಿಸಿದೆ. ಹಾಗಂತ ಪಂಪು ದಂಡ ಅಲ್ಲ, ಅದಕ್ಕೂ ಒಂದು ಜಾಗ ಇದೆ.

ಇದೆಲ್ಲ ಹಿಂದೆ ಬೋಲ್ಟ್ ಹಾಕಿದ ಮುಚ್ಚಳ ಇರುವ ಆಕ್ಸಲ್‌ಗಳ ಮಾತು. ಟೊಯೋಟಾ ಹೈಲಕ್ಸ್ ತರದ ಗಾಡಿಗಳಲ್ಲಿ ಹಿಂದಿನಿಂದ ಬಿಚ್ಚಲು ಏನೂ ಇಲ್ಲ, ಗೇರ್‌ಗಳು ಮುಂದಿನ ಕಡೆಯಿಂದ ಹೊರಬರುತ್ತವೆ, ಆಯಿಲಿಗೆ ಕೆಳಗೊಂದು ಡ್ರೈನ್ ಬೋಲ್ಟ್ ಕೊಟ್ಟಿರುತ್ತಾರೆ. ಅಂಥ ಗಾಡಿ ಇದ್ದವರು ಪುಣ್ಯವಂತರು. ಸುರಿಸಿ, ಹೊಸ ವಾಷರ್ ಹಾಕಿ, ತುಂಬಿದರೆ ಕೆಲಸ ಮುಗಿಯಿತು.

ಯಾವ ದಾರಿ ಹಿಡಿದರೂ ಮೊದಲು ಸಡಿಲ ಮಾಡಬೇಕಾದ್ದು ತುಂಬುವ ಬೋಲ್ಟು. ಹಳೆಯದೆಲ್ಲ ಸುರಿಸಿಯಾದ ಮೇಲೆ ಅದು ಬಿಚ್ಚಲಿಲ್ಲ ಅಂದರೆ ಗಾಡಿ ಅಲ್ಲೇ ನಿಂತಿತು ಅಂತಲೇ ಲೆಕ್ಕ, ಒಂದು ಹನಿ ಆಯಿಲ್ ಇಲ್ಲದೆ ಓಡಿಸುವ ಹಾಗಿಲ್ಲ. ಎಷ್ಟೋ ಆಕ್ಸಲ್‌ಗಳಲ್ಲಿ ಈ ಬೋಲ್ಟಿಗೆ ತಲೆ ಇರುವುದಿಲ್ಲ, ರ್‍ಯಾಚೆಟ್ ಮೂತಿ ಹೋಗುವಂಥ ಚೌಕ ಗುಂಡಿ ಇರುತ್ತದೆ. ಅದರೊಳಗೆ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ, ಮೇಲಿಂದ ನೋಡಿದರೆ ಗೊತ್ತೂ ಆಗಲ್ಲ. ಸಣ್ಣ ಸ್ಕ್ರೂಡ್ರೈವರ್‌ನಿಂದ ಕೆದಕಿ ಅದನ್ನು ತಳದವರೆಗೆ ತೆಗೆಯಿರಿ. ಇಲ್ಲದಿದ್ದರೆ ಮೂತಿ ಅರ್ಧಕ್ಕೇ ನಿಂತು, ಬಲ ಹಾಕಿದ ಕೂಡಲೇ ಚೌಕದ ಮೂಲೆಗಳು ಉರುಟಾಗಿಬಿಡುತ್ತವೆ. ಇನ್ನೊಂದು, ಪಿಕಪ್‌ನಲ್ಲಿ ಸ್ಟೆಪ್ನಿ ಸಾಮಾನ್ಯವಾಗಿ ಡಿಫರೆನ್ಷಿಯಲ್ ಹಿಂದೆಯೇ ನೇತಾಡುತ್ತಿರುತ್ತದೆ. ಅದನ್ನು ಇಳಿಸಿಕೊಂಡರೆ ಕೈ ಆಡಿಸಲು ಜಾಗ ಸಿಗುತ್ತದೆ.

ಈಗ ಪಂಪಿನ ವಿಷಯ. ಇದರ ಸುಖ ಏನೆಂದರೆ ಯಾವ ಜೋಡಣೆಯನ್ನೂ ಮುಟ್ಟುವುದಿಲ್ಲ. ಸೋರದೇ ಇದ್ದ ಮುಚ್ಚಳ ಸೋರದೇ ಉಳಿಯುತ್ತದೆ. ಗಾಡಿಯನ್ನು ಸ್ವಲ್ಪ ದೂರ ಓಡಿಸಿ ಆಯಿಲ್ ಬಿಸಿ ಮಾಡಿ, ಪೈಪ್ ಒಳಗೆ ಬಿಟ್ಟು ಎಳೆದರೆ ಬೇಗ ಬರುತ್ತದೆ. ತಣ್ಣಗಿದ್ದಾಗ ಎಳೆಯಲು ಹೋದರೆ ಕೈ ಸೋತುಹೋಗುತ್ತದೆ.

ಆದರೆ ಪೈಪು ತಳ ಮುಟ್ಟುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. ಒಳಗೆ ದೊಡ್ಡ ಕ್ರೌನ್ ಗೇರು ಅಡ್ಡ ಕೂತಿದೆ. ಪೈಪು ಅದಕ್ಕೆ ತಗುಲಿ ಎತ್ತಲೋ ತಿರುಗಿಕೊಳ್ಳುತ್ತದೆ, ಗಾಳಿ ಎಳೆಯುವ ಸದ್ದು ಬಂದ ಕೂಡಲೇ ಖಾಲಿಯಾಯಿತು ಅಂದುಕೊಳ್ಳುತ್ತೇವೆ. ಉಳಿದ ಆಯಿಲ್ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ತಳದ ಗಸಿ ಹಾಗೇ ಉಳಿಯುತ್ತಲ್ಲ, ತಲೆನೋವು ಅದು. ಆಯಿಲ್ ಬದಲಾಯಿಸುವುದೇ ಅದನ್ನು ತೆಗೆಯಲಿಕ್ಕೆ ಅಲ್ವಾ? ಅದಲ್ಲದೆ ಒಳಗೇನಾಗಿದೆ ಅಂತ ನೋಡುವ ಅವಕಾಶವೂ ಸಿಗಲ್ಲ.

ಮುಚ್ಚಳ ಬಿಚ್ಚಿದರೆ ಎಲ್ಲ ಕಣ್ಣೆದುರಿಗೇ. ಕೆಳಗೆ ಅಗಲವಾದ ತಟ್ಟೆ ಇಟ್ಟು, ಕೆಳಗಿನ ಬೋಲ್ಟುಗಳನ್ನೆಲ್ಲ ತೆಗೆದು, ಮೇಲಿನ ಒಂದೆರಡನ್ನು ಸಡಿಲವಾಗಿ ಹಾಗೇ ಬಿಟ್ಟು, ಅಂಚಿಗೆ ಚಪ್ಪಟೆ ಉಳಿಯಂಥದ್ದೇನಾದರೂ ಕೊಟ್ಟು ಮೆಲ್ಲಗೆ ಎಬ್ಬಿಸಿದರೆ ಆಯಿಲ್ ಕೆಳಗಿನಿಂದ ಜಾರಿಕೊಂಡು ಬರುತ್ತದೆ, ಮುಖಕ್ಕೆ ಹಾರುವುದಿಲ್ಲ. ವಾಸನೆ ಮಾತ್ರ ಕೇಳಬೇಡಿ. ಗೇರ್ ಹಲ್ಲುಗಳ ಮೇಲಿನ ಒತ್ತಡ ತಡೆಯಲು ಹಾಕುವ ಗಂಧಕದ ಅಂಶ ಅದು, ಬಟ್ಟೆಗೆ ಹತ್ತಿದರೆ ಬಿಡಲ್ಲ. ಒಳಗೆ ಒಂದು ಅಯಸ್ಕಾಂತ ಇದ್ದರೆ ಅದರ ಮೇಲೆ ಕಾಡಿಗೆ ತರದ ಕಪ್ಪು ಮೆತ್ತೆ ಕೂತಿರುತ್ತದೆ. ಬೆರಳಲ್ಲಿ ಉಜ್ಜಿ ನೋಡಿ. ನುಣ್ಣಗಿದ್ದರೆ ಸಹಜ ಸವೆತ. ಅಂಚಿರುವ ಚೂರು, ಹಲ್ಲಿನ ತುಂಡು ಕೈಗೆ ಸಿಕ್ಕರೆ ಅಲ್ಲಿಗೆ ನಿಲ್ಲಿಸಿ, ಗೊತ್ತಿದ್ದವರಿಗೆ ತೋರಿಸಿ. ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಅಂತ ಅರ್ಥ. ಆಗ ಆಕ್ಸಲ್ ಮೇಲಿನ, ಒಳಗೆ ಹೊರಗೆ ಗಾಳಿ ಆಡಲು ಕೊಟ್ಟ ಬ್ರೀದರ್ ಪೈಪನ್ನೂ ನೋಡಿ. ಬಿಸಿ ಆಕ್ಸಲ್ ನೀರಿಗಿಳಿದು ಒಮ್ಮೆಗೇ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕಟ್ಟಿಕೊಂಡಿದ್ದರೆ ಅದು ಸೀಲುಗಳ ಅಂಚಿನಿಂದ ನೀರು ಎಳೆದುಕೊಳ್ಳುತ್ತದೆ.

ಇಷ್ಟೆಲ್ಲ ಚೆನ್ನಾಗಿದ್ದರೂ ಜನ ಮುಚ್ಚಳ ಬಿಚ್ಚಲು ಯಾಕೆ ಹಿಂದೇಟು ಹಾಕುತ್ತಾರೆ? ಒಂದೇ ಕಾರಣ. ವಾಪಸ್ ಕೂರಿಸುವ ಕೆಲಸ.

ಕಂಪನಿಯಿಂದ ಬರುವಾಗ ಎಷ್ಟೋ ಮುಚ್ಚಳಗಳಿಗೆ ಬರೀ ಸಿಲಿಕೋನ್ ಪೇಸ್ಟ್ ಹಾಕಿರುತ್ತಾರೆ. ಅದು ಹೌಸಿಂಗಿನ, ಅಂದರೆ ಗೇರ್‌ಗಳು ಕೂತಿರುವ ಲೋಹದ ಪೆಟ್ಟಿಗೆಯ, ಅಂಚಿಗೆ ಚರ್ಮದ ಹಾಗೆ ಹಿಡಿದಿರುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್ ಜಾರುತ್ತದೆ, ಲೋಹದ್ದು ಗೀರು ಹಾಕುತ್ತದೆ. ಡ್ರಿಲ್ಲಿಗೆ ಉಜ್ಜುವ ಡಿಸ್ಕ್ ಹಾಕಿ ಹೊಡೆದರೆ ಒಂದೇ ನಿಮಿಷ ಅಂತ ಕೆಲವರು ಹೇಳುತ್ತಾರೆ. ಮುಚ್ಚಳ ಕೈಯಲ್ಲಿರುತ್ತದೆ, ಅದಕ್ಕೆ ಬೇಕಾದರೆ ಹಾಗೆ ಮಾಡಿ, ಆಮೇಲೆ ತೊಳೆದುಕೊಳ್ಳಬಹುದು. ಹೌಸಿಂಗ್ ಕಡೆಗೆ ಮಾತ್ರ ಬೇಡ, ಆ ಪುಡಿ ನೇರ ಬೇರಿಂಗಿಗೆ ಹೋಗುತ್ತದೆ. ಕೈಯಲ್ಲೇ, ಬ್ಲೇಡನ್ನು ಮಲಗಿಸಿ ಹಿಡಿದು, ಸ್ವಲ್ಪ ಸ್ವಲ್ಪವೇ ಎಬ್ಬಿಸಬೇಕು, ಅದೂ ಬೆನ್ನ ಮೇಲೆ ಮಲಗಿ, ಚೂರುಗಳು ಕಣ್ಣಿಗೇ ಬೀಳುವ ಹಾಗೆ. ಕನ್ನಡಕ ಹಾಕಿಕೊಳ್ಳಿ.

ಅದೂ ಹೋಗಲಿ ಅನ್ನಿ. ನಿಜವಾಗಿ ತಾಳ್ಮೆ ಕೆಡಿಸುವುದು ಕೆಳಗಿನ ಅಂಚು. ಬ್ರೇಕ್ ಕ್ಲೀನರ್ ಹಾಕಿ ಒರೆಸುತ್ತೀರಿ, ಒಣಗುತ್ತದೆ, ಸರಿ ಅಂತ ಪೇಸ್ಟ್ ಟ್ಯೂಬ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಮತ್ತೆ ಒಂದು ಹೊಳೆಯುವ ಗೆರೆ ಕಾಣುತ್ತದೆ. ಗೇರ್‌ಗೆ ಅಂಟಿಕೊಂಡ ಆಯಿಲ್, ಆಕ್ಸಲ್ ಕೊಳವೆಗಳಲ್ಲಿ ನಿಂತ ಆಯಿಲ್, ಎಲ್ಲ ಇಳಿದಿಳಿದು ಆ ಅಂಚಿಗೇ ಬರುತ್ತದೆ. ಮತ್ತೆ ಒರೆಸಿ. ಮತ್ತೆ ಗೆರೆ. ಜಿಡ್ಡಿನ ಮೇಲೆ ಸಿಲಿಕೋನ್ ಹಿಡಿಯುವುದಿಲ್ಲ, ಸೋರುವುದು ಯಾವಾಗಲೂ ಸರಿಯಾಗಿ ಅಲ್ಲೇ. ಇದಕ್ಕೆ ಉಪಾಯ ಎರಡು. ಒಂದು, ರಾತ್ರಿಯಿಡೀ ತೊಟ್ಟಿಕ್ಕಲು ಬಿಡಿ, ಮೇಲೆ ಒಂದು ಬಟ್ಟೆ ಮುಚ್ಚಿ. ಎರಡು, ನೂಲು ಬಿಡದ ಬಟ್ಟೆಯನ್ನು ಸುರುಳಿ ಸುತ್ತಿ ಹೌಸಿಂಗಿನ ಒಳಗೆ ತಳದ ಅಂಚಿಗೆ ಒತ್ತರಿಸಿ ಇಡಿ, ಅದು ಇಳಿದು ಬಂದದ್ದನ್ನು ಹೀರಿಕೊಂಡು ಅಂಚನ್ನು ಒಣಗಿಸಿಡುತ್ತದೆ, ಮುಚ್ಚಳ ಇಡುವ ಕ್ಷಣಕ್ಕೆ ಎಳೆದುಬಿಡಿ. ಎಳೆಯುವುದನ್ನು ಮರೆಯಬೇಡಿ ಅಂತ ಬೇರೆ ಹೇಳಬೇಕಾ!

ಪೇಸ್ಟಿನ ಕಥೆ ಅಲ್ಲಿಗೂ ಮುಗಿಯಲ್ಲ. ಬೋಲ್ಟ್ ತೂತುಗಳ ಒಳಬದಿಗೆ ಒಂದೇ ಎಳೆಯಾಗಿ ಹಾಕಬೇಕು. ಜಾಸ್ತಿ ಹಾಕಿದರೆ ಒಳಗೆ ಉಬ್ಬಿ, ಕಿತ್ತುಬಂದು ಆಯಿಲಿನಲ್ಲಿ ತೇಲುತ್ತದೆ. ಆಮೇಲೆ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಗಟ್ಟಿಯಾಗಲು ಬಿಡಬೇಕು, ಕೆಲವಕ್ಕೆ ಒಂದು ಗಂಟೆ ಸಾಕು, ಕೆಲವು 24 ಗಂಟೆ ಕೇಳುತ್ತವೆ.

ಕಾಗದದ ಪ್ಯಾಕಿಂಗ್ ಬಗ್ಗೆ ಒಂದೇ ಮಾತು: ಮುಂದಿನ ಸಲ ಅದನ್ನೂ ಕೆರೆಯುತ್ತಾ ಕೂರಬೇಕು.

ಈ ರಬ್ಬರ್ ಲೇಪದ ಪ್ಯಾಕಿಂಗ್ ಗೆದ್ದದ್ದು ಇಲ್ಲೇ. ನಡುವೆ ತೆಳ್ಳನೆ ಉಕ್ಕಿನ ಹಾಳೆ, ಎರಡೂ ಕಡೆ ಎದ್ದು ನಿಂತ ರಬ್ಬರಿನ ಗೆರೆ. ಹಳೆ ಸಿಲಿಕೋನ್ ಒಂದು ಸಲ ಕೆರೆಯುವುದು ತಪ್ಪುವುದಿಲ್ಲ, ಆದರೆ ಅದೇ ಕೊನೆ. ಪೇಸ್ಟ್ ಬೇಡ, ಕಾಯುವುದು ಬೇಡ, ಬೋಲ್ಟ್ ಬಿಗಿದ ಕೂಡಲೇ ಆಯಿಲ್ ತುಂಬಬಹುದು, ಮುಂದಿನ ಸಲ ಒರೆಸಿ ಅದನ್ನೇ ಮತ್ತೆ ಹಾಕಬಹುದು. ಒಂದೇ ಷರತ್ತು, ಮುಚ್ಚಳ ಸಪಾಟಾಗಿರಬೇಕು. ತಗಡಿನ ಮುಚ್ಚಳಗಳ ಬೋಲ್ಟನ್ನು ಯಾರಾದರೂ ಸಿಕ್ಕಾಪಟ್ಟೆ ಬಿಗಿದಿದ್ದರೆ ತೂತುಗಳ ಸುತ್ತ ಒಳಕ್ಕೆ ತಗ್ಗಾಗಿರುತ್ತದೆ. ಗಾಜಿನ ಮೇಲೆ ಇಟ್ಟು ಅಲ್ಲಾಡಿಸಿ ನೋಡಿ, ಅಲುಗಿದರೆ ಸುತ್ತಿಗೆಯಲ್ಲಿ ಮೆಲ್ಲಗೆ ಸರಿಮಾಡಿ. ಬಿಗಿಯುವಾಗ ಎದುರು ಬದುರು, ಗಾಡಿ ಪುಸ್ತಕದಲ್ಲಿ ಹೇಳಿದ ಟಾರ್ಕಿಗೆ, ಅಂದರೆ ಅಷ್ಟೇ ಬಿಗಿತಕ್ಕೆ.

ಆಯಿಲ್ ಯಾವುದು ಅಂತ ಪುಸ್ತಕದಲ್ಲೇ ಇರುತ್ತದೆ. ಸಾಮಾನ್ಯವಾಗಿ ಜಿಎಲ್-5 (ಭಾರೀ ಒತ್ತಡ ತಡೆಯುವ ಗೇರ್ ಆಯಿಲ್) ದರ್ಜೆಯದ್ದು, ಭಾರ ಎಳೆಯುವ ಗಾಡಿಗಳಿಗೆ ಕೆಲವೊಮ್ಮೆ 75ಡಬ್ಲ್ಯೂ-90 ಬದಲು ಬಿಸಿಯಲ್ಲಿ ಅದಕ್ಕಿಂತ ಮಂದವಾಗಿರುವ 75ಡಬ್ಲ್ಯೂ-140 ಹೇಳಿರುತ್ತಾರೆ. ಕ್ಲಚ್ ತಟ್ಟೆಗಳಿರುವ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ತಿರುಗುವುದನ್ನು ತಡೆಯುವ ಡಿಫರೆನ್ಷಿಯಲ್) ಆಗಿದ್ದರೆ, ಆ ತಟ್ಟೆಗಳು ನಯವಾಗಿ ಜಾರಲು ಬೆರೆಸುವ ಫ್ರಿಕ್ಷನ್ ಮಾಡಿಫೈಯರ್ ಬೇಕಾಗಬಹುದು. ಕೆಲವು ಆಯಿಲ್‌ಗಳಲ್ಲಿ ಅದು ಮೊದಲೇ ಬೆರೆತಿರುತ್ತದೆ, ಡಬ್ಬಿ ಓದಿ. ಇಲ್ಲದಿದ್ದರೆ ತಿರುವಿನಲ್ಲಿ ಹಿಂದೆ ಗರಗರ ಅದುರುತ್ತದೆ.

ತುಂಬುವಾಗ ಮಾತ್ರ ಪಂಪನ್ನು ಬಿಟ್ಟರೆ ಗತಿಯಿಲ್ಲ. ತೂತಿನ ಮುಂದೆ ಬಾಟಲಿ ಬಗ್ಗಿಸಲು ಜಾಗ ಎಲ್ಲಿದೆ? ಹಿಂಡಿ ತುಂಬುವ ಮೆತ್ತನೆ ಪೊಟ್ಟಣದಲ್ಲೂ ಗೇರ್ ಆಯಿಲ್ ಸಿಗುತ್ತದೆ, ಸುಲಭ, ಆದರೆ ಬರೀ ಪೊಟ್ಟಣಕ್ಕಾಗಿ ಜಾಸ್ತಿ ದುಡ್ಡು ಕೊಡಲು ನನಗೆ ಮನಸ್ಸಿಲ್ಲ. ಆಯಿಲ್ ಡಬ್ಬಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಪಂಪು ಹಗುರ. ಗಾಡಿ ಸಮತಟ್ಟಾಗಿ ನಿಂತಿರಬೇಕು, ಹಿಂದೆ ಮಾತ್ರ ಎತ್ತಿದ್ದರೆ ಅಳತೆ ತಪ್ಪುತ್ತದೆ. ಹೆಚ್ಚಿನವುಗಳಲ್ಲಿ ತೂತಿನ ಅಂಚಿಗೆ ಬಂದು ತೊಟ್ಟಿಕ್ಕಿದರೆ ತುಂಬಿತು ಅಂತ, ಕೆಲವಕ್ಕೆ ಅಂಚಿಗಿಂತ ಸ್ವಲ್ಪ ಕೆಳಗೆ.

ನನ್ನದು ಭಾರ ಎಳೆಯುವ ಗಾಡಿ, ಆಯಿಲ್ ತಡವಾಗಿಯೇ ಬದಲಾಯಿಸುತ್ತೇನೆ, ಹಾಗಾಗಿ ಸಿಕ್ಕ ಒಂದು ಅವಕಾಶದಲ್ಲಿ ಹಲ್ಲು, ಗಸಿ ಎಲ್ಲ ನೋಡಿಬಿಡಬೇಕು ಅನ್ನುವವನು. ದುಬಾರಿ ಆಯಿಲಿಗೆ ಹಾಕುವ ದುಡ್ಡನ್ನು ಈ ಪ್ಯಾಕಿಂಗಿಗೆ ಹಾಕಿ, ಆಯಿಲ್ ಮಧ್ಯಮದ್ದೇ ತರುತ್ತೇನೆ. ಪದೇ ಪದೇ ನೀರಿಗೆ ಗಾಡಿ ಇಳಿಸುವವರು, ಆಗಾಗ ಆಯಿಲ್ ಬದಲಾಯಿಸುವವರು ಪಂಪನ್ನೇ ಹಿಡಿಯಲಿ, ಪ್ರತಿ ಸಲ ಮುಚ್ಚಳ ಬಿಚ್ಚುವುದು ಸುಮ್ನೆ ಶ್ರಮ. ಮುಚ್ಚಳ ಬಿಚ್ಚಿದವರು ಒಂದಷ್ಟು ದೂರ ಓಡಿಸಿ ಬಂದು, ಕೆಳಗಿನ ಅಂಚಿನ ಉದ್ದಕ್ಕೂ ಒಣಬೆರಳು ಎಳೆದು ನೋಡಿ. ಜಿಡ್ಡು ಹತ್ತಿದರೆ ಬೋಲ್ಟುಗಳನ್ನು ಟಾರ್ಕ್ ಪಾನಾದಲ್ಲಿ ಇನ್ನೊಂದು ಸುತ್ತು ಪರೀಕ್ಷಿಸಿ.