ಕಂಪ್ರೆಷನ್ ಇಲ್ಲ, ಇಂಜಿನ್ ಇಳಿಸಬೇಕು ಅಂತಾರಾ? ಮೊದಲು ಇದನ್ನು ಓದಿ

ಕಾರಿನ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತಿದಾಗ ಬರುವ ಒತ್ತಡ) ಹೋಗಿದೆ, ಇಂಜಿನ್ ಇಳಿಸಬೇಕು ಅಂತ ಯಾವ ಗ್ಯಾರೇಜಿನವನಾದರೂ ಹೇಳಿದರೆ ದಯವಿಟ್ಟು ತಕ್ಷಣ ಹೂಂ ಅನ್ನಬೇಡಿ. ಅಡ್ವಾನ್ಸ್ ಅಂತೂ ಕೊಡಲೇಬೇಡಿ. ನನ್ನ 10,000 ರೂಪಾಯಿ ಇನ್ನೂ ಅವರ ಹತ್ತಿರವೇ ಇದೆ.

ನನ್ನದು ಹಳೆಯ ಪೆಟ್ರೋಲ್ ಗಾಡಿ, ನಾಲ್ಕು ಸಿಲಿಂಡರ್. ಪಿಕಪ್ ಇರಲಿಲ್ಲ. ಸಿಗ್ನಲ್‌ನಲ್ಲಿ ನಿಂತರೆ ಗಡಗಡ ನಡುಗುತ್ತಿತ್ತು. ಸಂಜೆ ಗ್ಯಾರೇಜಿಗೆ ಬಿಟ್ಟು ಬಂದೆ. ಬೆಳಗ್ಗೆ ಹೋದಾಗ ನನ್ನ ಕಣ್ಣೆದುರೇ ಒತ್ತಡ ಅಳೆಯುವ ಗೇಜ್ ಹಾಕಿ ತೋರಿಸಿದರು. ಒಂದು ಸ್ಪಾರ್ಕ್ ಪ್ಲಗ್ ಬಿಚ್ಚುವುದು, ಅದರ ಜಾಗಕ್ಕೆ ಗೇಜ್ ಹಾಕುವುದು, ಹುಡುಗ ಕಿಟಕಿಯಿಂದ ಕೈ ಹಾಕಿ ಸೆಲ್ಫ್ ಹೊಡೆಯುವುದು, ಮತ್ತೆ ಆ ಪ್ಲಗ್ ಹಾಕಿ ಮುಂದಿನದು. 90, 85, 90, 85 ಪಿಎಸ್ಐ. ನಾನು ಫೋನಿನಲ್ಲಿ ವಿಡಿಯೊ ಮಾಡಿಕೊಂಡೆ.

"ನೋಡಿ ಮೇಡಂ, 150ರ ಮೇಲೆ ಇರಬೇಕು. ರಿಂಗ್ ಪೂರ್ತಿ ಹೋಗಿದೆ. 65,000 ಆಗುತ್ತೆ." ರಿಂಗ್ ಅಂದರೆ ಪಿಸ್ಟನ್ ಸುತ್ತ ಇದ್ದು ಒತ್ತಡ ಸೋರದಂತೆ ತಡೆಯುವ ಬಳೆ.

ಹೊಗೆ ಬರುತ್ತಿಲ್ಲವಲ್ಲ, ಆಯಿಲ್ ಕೂಡ ಕಮ್ಮಿ ಆಗಿಲ್ಲ, ರಿಂಗ್ ಹೇಗೆ ಹೋಗುತ್ತೆ ಅಂತ ಕೇಳಿದೆ. "ಒಳಗಿಂದೊಳಗೇ ಹೋಗಿರುತ್ತೆ ಮೇಡಂ, ನಿಮಗೆ ಗೊತ್ತಾಗಲ್ಲ. ಸಾರ್‌ನ ಕಳಿಸಿ, ಅವರಿಗೆ ಹೇಳ್ತೀನಿ." ಗಾಡಿ ನನ್ನದು, ಆರ್‌ಸಿ ನನ್ನ ಹೆಸರಲ್ಲಿ, ದುಡ್ಡು ನನ್ನದು. ಸಾರ್ ಯಾಕೆ ಬೇಕು? ಆದರೂ ಗೇಜ್ ಸುಳ್ಳು ಹೇಳುತ್ತಾ ಅಂದುಕೊಂಡು ಅಡ್ವಾನ್ಸ್ ಕಳಿಸಿದೆ.

ಆಮೇಲೆ ಪರಿಚಯದ ಇನ್ನೊಬ್ಬ ಮೆಕ್ಯಾನಿಕ್‌ಗೆ ಆ ವಿಡಿಯೊ ತೋರಿಸಿದೆ. ವಯಸ್ಸಾದವರು. ಪೂರ್ತಿ ನೋಡಲೂ ಇಲ್ಲ. "ಅಮ್ಮಾ, ಆಕ್ಸಿಲರೇಟರ್ ಮೇಲೆ ಯಾರ ಕಾಲಿದೆ ಇಲ್ಲಿ?" ಅಂದರು. ಯಾರದ್ದೂ ಇಲ್ಲ. ಹುಡುಗ ಕಾರಿನ ಹೊರಗೆ ನಿಂತಿದ್ದಾನೆ! ಅಲ್ಲೇ ನನ್ನ ಮೈ ಉರಿದುಹೋಯಿತು.

ಅವರು ಹೇಳಿದ್ದು ಇಷ್ಟು. ಆಕ್ಸಿಲರೇಟರ್ ಪೂರ್ತಿ ಒತ್ತದಿದ್ದರೆ ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಮುಚ್ಚಿರುತ್ತದೆ. ಗಾಳಿಯೇ ಒಳಗೆ ಹೋಗದಿದ್ದರೆ ಒತ್ತಡ ಎಲ್ಲಿಂದ ಬರಬೇಕು? ನಾಲ್ಕೂ ಪ್ಲಗ್ ಒಟ್ಟಿಗೆ ಬಿಚ್ಚಬೇಕು. ಇಲ್ಲದಿದ್ದರೆ ಸ್ಟಾರ್ಟರ್ ಉಳಿದ ಮೂರು ಸಿಲಿಂಡರ್ ಜೊತೆ ಗುದ್ದಾಡುತ್ತಾ ನಿಧಾನ ತಿರುಗುತ್ತದೆ. ನನ್ನ ವಿಡಿಯೊದಲ್ಲಿ ಸೆಲ್ಫ್ ಸದ್ದು ಎಳೆದೆಳೆದು ಕೇಳುತ್ತದೆ, ಬ್ಯಾಟರಿ ಬೇರೆ ಸೊರಗಿತ್ತು. ಇಂಜಿನ್ ರಾತ್ರಿಯಿಡೀ ತಣ್ಣಗೆ ನಿಂತಿತ್ತು, ಬಿಸಿ ಮಾಡಿಯೇ ನೋಡಬೇಕು. ಸಾಲದ್ದಕ್ಕೆ ನಾಲ್ಕೂ ಒಂದೇ ಸಮ ಕಮ್ಮಿ. ಅಂದರೆ ಒಂದೋ ವಾಲ್ವ್ ತೆರೆದು ಮುಚ್ಚುವ ಟೈಮಿಂಗ್ ತಪ್ಪಿರಬೇಕು, ಇಲ್ಲ ಟೆಸ್ಟೇ ತಪ್ಪಿರಬೇಕು ಅಂತ ಮೊದಲು ಅನುಮಾನ ಬರಬೇಕು. ಮೊದಲಿನ ಗ್ಯಾರೇಜಿನವರಿಗೆ ಬರಲಿಲ್ಲ. ಬರಲಿಲ್ಲವೋ, ಬೇಕಾಗಿರಲಿಲ್ಲವೋ!

ಈ ಹಿರಿಯ ಮೆಕ್ಯಾನಿಕ್ ಮಾಡಿದ್ದೇ ಬೇರೆ. ಗಾಡಿ ಓಡಿಸಿ ಇಂಜಿನ್ ಬಿಸಿ ಮಾಡಿದರು. ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್‌ಗಳ ಮತ್ತು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕನೆಕ್ಷನ್ ತೆಗೆದರು. ನಾಲ್ಕೂ ಪ್ಲಗ್ ಬಿಚ್ಚಿದರು. ಚಾರ್ಜ್ ಇರುವ ಬ್ಯಾಟರಿ ಹಾಕಿದರು. ನನ್ನನ್ನೇ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿಸಿ, ಗೇಜ್ ಮುಳ್ಳು ಏರುವುದು ನಿಲ್ಲುವ ತನಕ ಸೆಲ್ಫ್ ಹೊಡೆಸಿದರು. 165, 160, 165, 158. ಅದೇ ಇಂಜಿನ್! ಒಂದಕ್ಕೊಂದು ಇಷ್ಟು ಹತ್ತಿರ ಇದ್ದರೆ ಚಿಂತೆಯೇ ಇಲ್ಲ ಅಂದರು. ಒಂದು ಸಿಲಿಂಡರ್ ಮಾತ್ರ ಕಮ್ಮಿ ಬಂದಿದ್ದರೆ ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕಂತೆ. ಆಗ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರ್ ಒಳಗೋಡೆ), ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಕೆಳಗಿನ ಸೀಲ್) ಕಡೆ ಬೆರಳು ತೋರಿಸುತ್ತದೆ. ಆಯಿಲ್ ಹಾಕದೇನೇ "ರಿಂಗ್ ಪೂರ್ತಿ ಹೋಗಿದೆ" ಅಂದರಲ್ಲ, ಯಾವ ಕಣ್ಣಿಂದ ನೋಡಿದರು?

ತೊಂದರೆ ಇದ್ದದ್ದು ಮೂರನೇ ಸಿಲಿಂಡರ್‌ನ ಕಾಯಿಲ್. ಅದನ್ನು ಒಂದನೆಯದಕ್ಕೆ ಬದಲಿಸಿದರು, ಮಿಸ್ಸಿಂಗ್ (ಕಿಡಿ ತಪ್ಪಿ ಸಿಲಿಂಡರ್ ಕೆಲಸ ಮಾಡದಿರುವುದು) ಕೂಡ ಒಂದನೆಯದಕ್ಕೆ ಹೋಯಿತು. ಹೊಸ ಕಾಯಿಲ್, ಹೊಸ ಪ್ಲಗ್, ಮುಗೀತು. 65,000 ಎಲ್ಲಿ, ಇದೆಲ್ಲಿ!

ಮೊದಲಿನವರಿಗೆ ಫೋನ್ ಮಾಡಿದೆ. "ಗೇಜ್ ಒಂದೊಂದು ಒಂದೊಂದು ಥರ ತೋರಿಸುತ್ತೆ ಮೇಡಂ." ಅಷ್ಟೊಂದು ವ್ಯತ್ಯಾಸವಾ? "ಅವರ ಗೇಜೇ ಸರಿ ಇಲ್ಲ." ಸರಿ, ಇಬ್ಬರ ಗೇಜನ್ನೂ ನನ್ನೆದುರು ಹಾಕಿ ನೋಡೋಣ ಅಂದೆ. "ನಮಗೆ ಬೇರೆ ಕೆಲಸ ಇದೆ." ಅಡ್ವಾನ್ಸ್? "ಪಾರ್ಟ್ಸ್ ಆರ್ಡರ್ ಹಾಕಿ ಆಯ್ತು." ಬಿಲ್ ಕಳಿಸಿ ಅಂದರೆ ಬಿಲ್ ಇಲ್ಲ. ಪಾರ್ಟ್ಸ್ ಕೊಡಿ ಅಂದರೆ ಪಾರ್ಟ್ಸೂ ಇಲ್ಲ. ಕೊನೆಗೆ, "ತಿಂಗಳು ಬಿಟ್ಟು ನೀವೇ ವಾಪಸ್ ಬರ್ತೀರ ನೋಡಿ." ಈ ಮಾತು ಮಾತ್ರ ನಾನು ಮರೆಯಲ್ಲ.

ಟೆಸ್ಟ್ ಮಾಡುವಾಗ ಹತ್ತಿರ ನಿಂತು ನೋಡಿ. ಪ್ಲಗ್ ಎಲ್ಲಾ ಹೊರಗಿದೆಯಾ, ಇಂಜಿನ್ ಬಿಸಿ ಇದೆಯಾ, ಥ್ರಾಟಲ್ ತೆರೆದಿದ್ದಾರಾ ಅಂತ ಬಾಯಿಬಿಟ್ಟು ಕೇಳಿ. ಡೀಸೆಲ್ ಗಾಡಿಯಾದರೆ ಈ ಲೆಕ್ಕ ನಡೆಯಲ್ಲ, ಅದರ ಒತ್ತಡ ಬಹಳ ಜಾಸ್ತಿ, ಗೇಜೂ ಬೇರೆ. "ಸಾರ್‌ನ ಕಳಿಸಿ" ಅಂದರೆ ಗಾಡಿ ತಗೊಂಡು ಎದ್ದು ಬನ್ನಿ.

ನನ್ನ ಹತ್ತಿರ ವಿಡಿಯೊ ಇದೆ, ಯುಪಿಐ ರಸೀದಿ ಇದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದನ್ನು ಹೇಳಿದ ಮೇಲೆ ಅವರು ನನ್ನ ಫೋನ್ ತೆಗೆಯುವುದನ್ನೇ ಬಿಟ್ಟಿದ್ದಾರೆ.