ಆರೋ ಏಳೋ? ಒಂದೇ ಜೀನ್ ಹಿಡಿದು ನಾಲ್ಕು ಡೇಟಾಬೇಸ್ ಸುತ್ತಿದ್ದು

ಮೇ ತಿಂಗಳ ಕಲಬುರಗಿ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಬಿಎಸ್ಸಿ ಕೊನೆಯ ವರ್ಷದಲ್ಲಿರುವ ಅಕ್ಕನ ಮಗಳಿಗೆ ಲ್ಯಾಬ್ ರೆಕಾರ್ಡ್ ಬರೆಯಬೇಕಿತ್ತು. ಕೂಲರ್ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರೂ ಕೂತೆವು. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಜೀನ್ ಎಚ್‌ಬಿಬಿ ಆರಿಸಿಕೊಂಡೆವು. ಚಿಕ್ಕ ಜೀನ್. ಅದರ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ (ಎ, ಟಿ, ಜಿ, ಸಿ ಇವೇ ನಾಲ್ಕು ಅಕ್ಷರ) ಬದಲಾಗಿರುವುದೇ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ ಕಾರಣ. ಆ ಅಕ್ಷರವನ್ನು ಜೀನ್, ಪ್ರೋಟೀನ್‌ಗಳ ಮಾಹಿತಿ ಕೂಡಿಟ್ಟ ಜಾಲತಾಣಗಳಾದ ಎನ್‌ಸಿಬಿಐ, ಯುನಿಪ್ರಾಟ್ (ಇದು ಪ್ರೋಟೀನ್‌ಗಳದ್ದು), ಯುಸಿಎಸ್‌ಸಿ ಬ್ರೌಸರ್, ಎನ್ಸೆಂಬಲ್ ನಾಲ್ಕರಲ್ಲೂ ಹುಡುಕಿದೆವು. ನಾಲ್ಕೂ ಪುಕ್ಕಟೆ, ಲಾಗಿನ್ ಕೂಡ ಬೇಡ.

ಪಾಠ ಶುರುವಾಗುವುದು ಎನ್‌ಸಿಬಿಐಯಿಂದ, ನಾವೂ ಅಲ್ಲಿಂದಲೇ ಶುರು ಮಾಡಿದೆವು. ತಪ್ಪಾಯಿತು. ಹೆಸರು ಹಾಕಿ ಹುಡುಕಿದರೆ ರಾಶಿ ರಾಶಿ ದಾಖಲೆ. ಅಲ್ಲಿರುವ ಡಿಎನ್‌ಎ ದಾಖಲೆಗಳ ಭಂಡಾರ ಜೆನ್‌ಬ್ಯಾಂಕ್ 1982ರಿಂದ ಇದೆ. ಯಾವ ಲ್ಯಾಬ್‌ನವರು ಏನು ಸೇರಿಸಿದರೂ ಅದು ಅಲ್ಲೇ ಉಳಿಯುತ್ತದೆ, ಯುರೋಪ್ ಮತ್ತು ಜಪಾನಿನ ಬ್ಯಾಂಕುಗಳ ಜೊತೆ ದಿನಾ ವಿನಿಮಯವೂ ಆಗುತ್ತದೆ. ಒಂದೇ ಜೀನ್ ಹತ್ತಾರು ಸಲ ಸಿಕ್ಕರೆ ಹೊಸಬರು ಯಾವುದನ್ನು ನಂಬಬೇಕು? ಹುಡುಗಿ ಐದೇ ನಿಮಿಷಕ್ಕೆ ಆಕಳಿಸಿದಳು.

ಯುನಿಪ್ರಾಟ್‌ಗೆ ಹೋದೆವು. ನಂಬರ್ ಪಿ68871. ಮನುಷ್ಯರೇ ಕೂತು ಪರಿಶೀಲಿಸಿದ ದಾಖಲೆ ಎಂಬ ಗುರುತು ಮೇಲೆಯೇ ಇದೆ. ಪ್ರೋಟೀನ್ ಏನು ಮಾಡುತ್ತದೆ, ಎಲ್ಲಿ ಕೆಟ್ಟರೆ ಯಾವ ಕಾಯಿಲೆ, ಎಲ್ಲ ಒಂದೇ ಪುಟದಲ್ಲಿ. ಅಲ್ಲೇ ಅವಳು ಗಕ್ಕನೆ ನಿಂತಳು.

"ಮಾಮಾ, ಪುಸ್ತಕದಾಗ ಆರು ಅದ. ಇಲ್ಲಿ ಏಳು ಅದ ನೋಡ್ರಿ."

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಸಿಕಲ್ ಸೆಲ್‌ನಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಅಮೈನೋ ಆಮ್ಲದ ಜಾಗಕ್ಕೆ ವ್ಯಾಲಿನ್ ಬರುವುದು ಆ ಸರದ ಆರನೇ ಸ್ಥಾನದಲ್ಲಿ ಅಂತ ನಾನೂ ಬಾಯಿಪಾಠ ಮಾಡಿದವನೇ. ಉತ್ತರ ಅದೇ ಪುಟದಲ್ಲಿತ್ತು: ಸರದ ಮೊದಲನೆಯ ಅಮೈನೋ ಆಮ್ಲ ಮೆಥಿಯೋನಿನ್ ತೆಗೆದುಹಾಕಲ್ಪಡುತ್ತದೆ. 1957ರಲ್ಲಿ ವರ್ನನ್ ಇಂಗ್ರಾಮ್ ಈ ಬದಲಾವಣೆ ಕಂಡುಹಿಡಿದಾಗ ಕೈಯಲ್ಲಿದ್ದದ್ದು ರಕ್ತದ ಪ್ರೋಟೀನ್. ಅದರಲ್ಲಿ ಮೆಥಿಯೋನಿನ್ ಆಗಲೇ ಉದುರಿಹೋಗಿರುತ್ತದೆ. ಡೇಟಾಬೇಸ್ ಎಣಿಸುವುದು ಆ ಮೆಥಿಯೋನಿನ್‌ನಿಂದಲೇ. ಹಾಗಾಗಿ ಆರೂ ಸರಿ, ಏಳೂ ಸರಿ.

ಈಗ ಎನ್‌ಸಿಬಿಐಗೆ ವಾಪಸ್ ಬಂದರೆ ಅದೇ ಜಾಗ ಬೇರೆಯೇ ಆಗಿ ಕಂಡಿತು. ನೇರವಾಗಿ ಎನ್‌ಎಂ_000518 ಎಂದು ಕೊಟ್ಟೆವು. ಎನ್‌ಎಂ ಅಂದರೆ ಎನ್‌ಸಿಬಿಐ ಆರಿಸಿಟ್ಟ ಮಾದರಿ ದಾಖಲೆ. ಪ್ರೋಟೀನಿನ ಸಂಕೇತ 51ನೇ ಅಕ್ಷರದಿಂದ 494ರವರೆಗೆ. ಒಟ್ಟು 444. ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ, ಹಾಗಾಗಿ ಮೂರರಿಂದ ಭಾಗಿಸಿದರೆ 148. ಇಲ್ಲಿಗೆ ಮುಗಿಯಿತು ಎನ್ನುವ ಕೊನೆಯ ಸ್ಟಾಪ್ ಸಂಕೇತ ಬಿಟ್ಟರೆ 147 ಅಮೈನೋ ಆಮ್ಲ. ಯುನಿಪ್ರಾಟ್‌ನಲ್ಲೂ 147! ಅವಳು ಪೆನ್ಸಿಲ್ ಹಿಡಿದು ಶುರುವಿನ ಎಟಿಜಿಯಿಂದ (ಅದೇ ಮೆಥಿಯೋನಿನ್) ಮೂರು ಮೂರು ಅಕ್ಷರ ಎಣಿಸುತ್ತಾ ಹೋದಳು. ಏಳನೆಯದು ಜಿಎಜಿ. ನಡುವಿನ ಎ ಹೋಗಿ ಟಿ ಬಂದರೆ ಜಿಟಿಜಿ, ಅದೇ ವ್ಯಾಲಿನ್. ಕೈಯಲ್ಲಿ ಎಣಿಸಿ ನೋಡುವ ಈ ಸುಖ ಯುನಿಪ್ರಾಟ್‌ನಲ್ಲಿ ಇಲ್ಲ.

ಯುಸಿಎಸ್‌ಸಿ ಬ್ರೌಸರ್ ನಮ್ಮನ್ನು ಸರಿಯಾಗಿ ಬೇಸ್ತು ಬೀಳಿಸಿತು. ಬದಲಾವಣೆಯ ನಂಬರ್ ಆರ್‌ಎಸ್334 ಹಾಕಿ, ಅಕ್ಷರ ಕಾಣುವವರೆಗೂ ಜೂಮ್ ಮಾಡಿದರೆ ಜಿಎಜಿ ಎಲ್ಲೂ ಇಲ್ಲ. ಸಿಟಿಸಿ ಇದೆ. ಬದಲಾವಣೆಯೂ ಎಯಿಂದ ಟಿಗೆ ಅಲ್ಲ, ಟಿಯಿಂದ ಎಗೆ. ಕಾಲು ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಎಚ್‌ಬಿಬಿ ಇರುವುದು 11ನೇ ಕ್ರೋಮೋಸೋಮಿನ ಎದುರು ಎಳೆಯ ಮೇಲೆ. ಬ್ರೌಸರ್ ತೋರಿಸುವುದು ಈ ಕಡೆಯ ಎಳೆ. ಎಗೆ ಟಿ ಜೋಡಿ, ಜಿಗೆ ಸಿ ಜೋಡಿ, ಹಾಗಾಗಿ ಜಿಎಜಿಯ ಎದುರು ಸಿಟಿಸಿ. ಎರಡು ಎಳೆ ಎದುರುಬದುರು ಓಡುತ್ತವೆ ಅಂತ ಎಷ್ಟು ಸಲ ಬರೆದಿಲ್ಲ ಪರೀಕ್ಷೆಯಲ್ಲಿ! ಕಣ್ಣಿಗೆ ಕಂಡದ್ದು ಅವತ್ತೇ. ಮೊದಲ ದಿನ ಇದನ್ನು ತೆರೆಯಬೇಡಿ, ಮೂರನೇ ದಿನ ಖಂಡಿತ ತೆರೆಯಿರಿ.

ಎನ್ಸೆಂಬಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೀನಿನ ಮೂರು ಎಕ್ಸಾನ್ (ನಕಲಿನಲ್ಲಿ ಉಳಿಯುವ ತುಂಡು), ಎರಡು ಇಂಟ್ರಾನ್ (ನಡುವೆ ಕತ್ತರಿಸಿ ತೆಗೆಯುವ ತುಂಡು) ಬಣ್ಣ ಹಚ್ಚಿ ಚೆನ್ನಾಗಿ ತೋರಿಸುತ್ತದೆ. ರೆಕಾರ್ಡ್‌ಗೆ ಚಿತ್ರ ಬರೆಯಲು ಅದೇ ಬೆಸ್ಟ್. ಆದರೆ ನಮ್ಮ ನೆಟ್‌ಗೆ ಪುಟ ತೆರೆಯುವಷ್ಟರಲ್ಲಿ ಚಹಾ ಆರಿತ್ತು.

ಹೊಸಬರಿಗೆ ನನ್ನ ಓಟು ಯುನಿಪ್ರಾಟ್‌ಗೆ ಅಂದುಕೊಂಡಿದ್ದೆ. ಅಷ್ಟರಲ್ಲಿ ಅವಳು ತೊಗರಿ ಹಾಕಿ ನೋಡೋಣ ಅಂದಳು. ನಮ್ಮೂರಲ್ಲಿ ಕೂತು ತೊಗರಿ ಬಿಟ್ಟರೆ ಹೇಗೆ ಅಲ್ವಾ? ಹೈದರಾಬಾದ್ ಹತ್ತಿರದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮುಂದಾಳತ್ವದಲ್ಲಿ ತೊಗರಿಯ 'ಆಶಾ' ತಳಿಯ ಜೀನೋಮ್ (ಇಡೀ ಡಿಎನ್‌ಎ) ಓದಿ, 48,680 ಜೀನ್ ಇರಬಹುದೆಂದು ಅಂದಾಜಿಸಿದ್ದಾರೆ. ಯುನಿಪ್ರಾಟ್‌ನಲ್ಲಿ ತೊಗರಿಯ ಪ್ರೋಟೀನ್‌ಗಳೇನೋ ಇವೆ, ಬಹುತೇಕ ಎಲ್ಲವೂ ಕಂಪ್ಯೂಟರ್ ತಾನೇ ಹೆಸರಿಟ್ಟವು. ಪರಿಶೀಲಿಸಿದ ಗುರುತಿಗಾಗಿ ಹುಡುಕಿ ಹುಡುಕಿ ಸುಸ್ತಾಯಿತು. ಇಲ್ಲಿ ಎನ್‌ಸಿಬಿಐಯೇ ಕೈಹಿಡಿಯಿತು: ಸೋಯಾದ ಒಂದು ಪ್ರೋಟೀನ್ ತೆಗೆದುಕೊಂಡು, ಹೋಲಿಕೆ ಹುಡುಕಿಕೊಡುವ ಅಲ್ಲಿನ ಬ್ಲಾಸ್ಟ್‌ನಲ್ಲಿ ತೊಗರಿಯೊಳಗೆ ಮಾತ್ರ ಹುಡುಕು ಎಂದರೆ ಹತ್ತಿರದ ಸಂಬಂಧಿಗಳ ಪಟ್ಟಿ ಬಂತು.

ಅವಳಿಗೆ ಈಗ ನೆಟೆ ರೋಗ ತಡೆಯುವ ಜೀನ್ ಬೇಕಂತೆ. ಹೋದ ವರ್ಷ ಅವರಪ್ಪನ ಹೊಲದಲ್ಲಿ ತೊಗರಿ ನೆಟೆಗೆ ಒಣಗಿತ್ತು. ಬ್ಲಾಸ್ಟ್ ಪುಟ ಇನ್ನೂ ತೆರೆದೇ ಇದೆ.