ಹಳೆಯ ಹಾಯಿದೋಣಿಗೆ ಸಮುದ್ರ ನುಗ್ಗದಂತೆ: ವಾಲ್ವ್, ಸಣ್ಣ ಪೈಪು, ಸೀಕಾಕ್ – ಯಾವುದು ಮೇಲು?

ಎಂಜಿನ್ ಓಡುವಾಗ ಸಮುದ್ರದ ನೀರು ಒಳಗೆ ಬರಲೇಬೇಕು. ಎಂಜಿನ್ ತಣ್ಣಗಿರುವುದೇ ಅದರಿಂದ. ತೊಂದರೆ ಶುರುವಾಗುವುದು ಎಂಜಿನ್ ನಿಲ್ಲಿಸಿದ ಮೇಲೆ. ಹಳೆಯ ಹಾಯಿದೋಣಿಗಳಲ್ಲಿ ಎಂಜಿನ್ ತುಂಬಾ ತಗ್ಗಿನಲ್ಲಿ, ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಕೂತಿರುತ್ತದೆ. ಡ್ರಮ್ಮಿಗೆ ಪೈಪು ಹಾಕಿ ಒಮ್ಮೆ ಬಾಯಿಂದ ಎಳೆದುಬಿಟ್ಟರೆ ನೀರು ತಾನಾಗಿ ಕೆಳಗಿನ ಬಕೆಟ್ಟಿಗೆ ಸುರಿಯುತ್ತದೆ ಅಲ್ವಾ, ಇಲ್ಲಿ ಆಗುವುದೂ ಅದೇ. ಡ್ರಮ್ಮಿನ ಜಾಗದಲ್ಲಿ ಸಮುದ್ರ ಇದೆ, ಅಷ್ಟೇ. ಇದೇ ಸೈಫನ್. ನಿಮಿಷಕ್ಕೆ ಒಂದೇ ಲೀಟರ್ ಬಂದರೂ ಒಂದು ದಿನಕ್ಕೆ 1440 ಲೀಟರ್ ಆಗುತ್ತದೆ.

ನನ್ನ ದೋಣಿ 1980ರ ದಶಕದ್ದು, 30 ಅಡಿ ಉದ್ದ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಅಲಮೀಡಾದಲ್ಲಿ ಕಟ್ಟಿರುತ್ತೇನೆ. ಎಂಜಿನ್ ಯಾನ್ಮಾರ್ 2ಜಿಎಂ20. ಎರಡು ಸಿಲಿಂಡರಿನ ಡೀಸೆಲ್, ಸಮುದ್ರದ ನೀರೇ ನೇರವಾಗಿ ಎಂಜಿನ್ನಿನ ಒಡಲಿನೊಳಗೆ (ಬ್ಲಾಕ್) ಹರಿಯುವ ಮಾದರಿ. ಬೇಸಿಗೆಯ ಮಧ್ಯಾಹ್ನ ಗೋಲ್ಡನ್ ಗೇಟ್ ಕಡೆಯಿಂದ 20–25 ನಾಟ್ ಗಾಳಿ ಬೀಸುತ್ತದೆ. ಆಗ ದೋಣಿ ಚೆನ್ನಾಗಿ ವಾಲುತ್ತದೆ. ದಡದಲ್ಲಿ ನಿಂತಾಗ ನೀರಿಗಿಂತ ಮೇಲಿದ್ದ ಎಷ್ಟೋ ತೂತು, ಪೈಪುಗಳು ಆಗ ನೀರಿನ ಕೆಳಗೆ ಹೋಗುತ್ತವೆ. ಮುಂದೆ ಹೇಳುವುದನ್ನೆಲ್ಲ ಈ ವಾಲುವ ದೋಣಿಯಲ್ಲೇ ಹಾಕಿ ನೋಡಿದ್ದೇನೆ.

ಮೊದಲು ಎಂಜಿನ್. ಪಂಪು ಎಳೆದ ನೀರು ಬ್ಲಾಕ್ ಸುತ್ತಿ ಬಂದು, ಹೊಗೆ ಹೋಗುವ ಎಲ್ಬೋದಲ್ಲಿ, ಅಂದರೆ ಬಾಗಿದ ಕೊಳವೆಯಲ್ಲಿ, ಹೊಗೆಯ ಜೊತೆ ಸೇರಿ, ಸೈಲೆನ್ಸರ್ ದಾಟಿ ಹೊರಗೆ ಹೋಗುತ್ತದೆ. ಎಂಜಿನ್ ನಿಂತಾಗ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ನೀರನ್ನು ತಡೆಯುತ್ತದೆ ಅಂತ ನಂಬಿರುವವರು ಇದ್ದಾರೆ. ಸವೆದ ಇಂಪೆಲ್ಲರ್ ತಡೆಯುವುದಿಲ್ಲ. ನೀರು ಮೆಲ್ಲಗೆ ಜಾರಿ ಸೈಲೆನ್ಸರ್ ತುಂಬುತ್ತದೆ. ಆಮೇಲೆ ಹಿಂದಕ್ಕೆ ಏರಿ, ಎಂಜಿನ್ನಿನ ಹೊಗೆ ಬಿಡುವ ವಾಲ್ವ್ ತೆರೆದಿದ್ದರೆ ಅಲ್ಲಿಂದ ಸಿಲಿಂಡರಿಗೆ ಇಳಿಯುತ್ತದೆ. ನೀರನ್ನು ಅದುಮಲು ಆಗದು. ಅದು ಗೊತ್ತಿಲ್ಲದೆ ಸ್ಟಾರ್ಟ್ ಮಾಡಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಬಗ್ಗದಿದ್ದರೂ ಉಪ್ಪುನೀರು ಒಳಗೇ ನಿಂತರೆ ತುಕ್ಕು ಹಿಡಿಯುತ್ತದೆ. ನೀರು ಎಲ್ಬೋ ಸೇರುವ ಜಾಗ ಹೊರಗಿನ ನೀರಿನ ಮಟ್ಟಕ್ಕಿಂತ ಕನಿಷ್ಠ 15 ಸೆಂ.ಮೀ. ಮೇಲಿಲ್ಲದಿದ್ದರೆ ಸೈಫನ್ ಮುರಿಯುವ ವ್ಯವಸ್ಥೆ ಬೇಕೇ ಬೇಕು.

ವ್ಯವಸ್ಥೆ ಸರಳ. ಎಂಜಿನ್ನಿಗೂ ಎಲ್ಬೋಗೂ ನಡುವಿನ ಪೈಪನ್ನು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಕ್ಕೆ ಎತ್ತಿ, ಬಾಗಿಸಿ, ಮತ್ತೆ ಕೆಳಗೆ ತರಬೇಕು. ಈ ಲೂಪಿನ ನೆತ್ತಿಯಲ್ಲಿ ಗಾಳಿ ಒಳಗೆ ಬರಲು ದಾರಿ ಇರಬೇಕು. ಗಾಳಿ ಬಂತೋ, ಸೈಫನ್ ಮುರಿಯಿತು. ಲೂಪ್ ದೋಣಿಯ ನಡುಗೆರೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಪಕ್ಕದ ಗೋಡೆಗೆ ಹಾಕಿದರೆ ದೋಣಿ ಆ ಮಗ್ಗುಲಿಗೆ ವಾಲಿದಾಗ ಲೂಪ್ ಕೂಡ ಕೆಳಗಿಳಿಯುತ್ತದೆ.

ಆ ಗಾಳಿಯ ದಾರಿ ಹೇಗಿರಬೇಕು ಅನ್ನುವುದರಲ್ಲೇ ಸ್ಪರ್ಧೆ ಇರುವುದು.

ಒಂದು, ನೆತ್ತಿಯ ಮೇಲೆ ಕೂರುವ ಚಿಕ್ಕ ವಾಲ್ವ್. ನೀರಿನ ಒತ್ತಡ ಇದ್ದಾಗ ಒಳಗಿನ ರಬ್ಬರ್ ತುಟಿ ಮುಚ್ಚಿಕೊಳ್ಳುತ್ತದೆ, ಒತ್ತಡ ಹೋದಾಗ ತೆರೆದು ಗಾಳಿ ಬಿಡುತ್ತದೆ. ಹಾಕುವುದು ಬಲು ಸುಲಭ, ಜಾಗವೂ ಜಾಸ್ತಿ ಬೇಡ. ಕಂಚಿನದ್ದು, ಪ್ಲಾಸ್ಟಿಕ್ಕಿನದ್ದು ಎರಡನ್ನೂ ಬಳಸಿ ನೋಡಿದೆ. ಗಟ್ಟಿತನದಲ್ಲಿ ಕಂಚು ಮೇಲು. ಆದರೆ ಶತ್ರು ಎರಡಕ್ಕೂ ಒಬ್ಬನೇ, ಉಪ್ಪು. ಬಿಸಿ ಎಂಜಿನ್ ಪಕ್ಕದಲ್ಲಿ ನೀರು ಒಣಗುತ್ತದೆ, ರಬ್ಬರಿನ ಮೇಲೆ ಹರಳು ಕಟ್ಟುತ್ತದೆ. ತೆರೆದೇ ಉಳಿದರೆ ಆಲ್ಟರ್ನೇಟರ್ ಮೇಲೆ ಉಪ್ಪುನೀರು ಚಿಮ್ಮುತ್ತದೆ. ಅದು ಕೆಟ್ಟದ್ದೇ, ಆದರೆ ಕಣ್ಣಿಗೆ ಬೀಳುತ್ತದೆ. ಮುಚ್ಚಿಕೊಂಡೇ ಉಳಿದರೆ ಏನೂ ಕಾಣುವುದಿಲ್ಲ. ಎಂಜಿನ್ ಎಂದಿನಂತೆ ಓಡುತ್ತದೆ, ಕಾವಲು ಮಾತ್ರ ಇಲ್ಲ. ಹಾಗಾಗಿ ವಾಲ್ವ್ ಇಟ್ಟುಕೊಂಡವರು ಅದನ್ನು ಆಗಾಗ ಬಿಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಬಾಯಿಂದ ಊದಿ ಮತ್ತು ಎಳೆದು ನೋಡಲೇಬೇಕು. ಒಂದು ಕಡೆ ಗಾಳಿ ಹೋಗಬೇಕು, ಇನ್ನೊಂದು ಕಡೆ ಹೋಗಬಾರದು.

ಎರಡು, ವಾಲ್ವ್ ತೆಗೆದು ಅದೇ ಜಾಗದಿಂದ ಒಂದು ಸಣ್ಣ ಪೈಪನ್ನು ಕಾಕ್‌ಪಿಟ್ಟಿಗೆ, ಅಂದರೆ ದೋಣಿ ನಡೆಸುವವರು ಕೂರುವ ತೆರೆದ ಜಾಗಕ್ಕೆ, ಒಯ್ಯುವುದು. ಈಗ ನನ್ನ ದೋಣಿಯಲ್ಲಿ ಇರುವುದು ಇದೇ, ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ. ಎಂಜಿನ್ ಓಡುವಾಗ ಕಾಕ್‌ಪಿಟ್ಟಿನ ಮೂಲೆಯಲ್ಲಿ ಸಣ್ಣ ಧಾರೆ ಸುರಿದು ಡ್ರೈನಿಗೆ ಹೋಗುತ್ತದೆ. ನಿಲ್ಲಿಸಿದಾಗ ಅದೇ ದಾರಿಯಿಂದ ಗಾಳಿ ಒಳಗೆ ಬರುತ್ತದೆ. ಅಲುಗಾಡುವ ಭಾಗ ಒಂದೂ ಇಲ್ಲ. ಧಾರೆ ಕಂಡಿತೋ, ಪಂಪು ಕೆಲಸ ಮಾಡುತ್ತಿದೆ, ಗಾಳಿಯ ದಾರಿಯೂ ತೆರೆದಿದೆ. ಧಾರೆ ಸಣ್ಣಗಾದರೆ ಪೈಪು ಕಟ್ಟುತ್ತಿದೆ, ಇಲ್ಲ ಇಂಪೆಲ್ಲರ್ ಸೋಲುತ್ತಿದೆ. ಎರಡೂ ಆಗಲೇ ತಿಳಿಯಬೇಕಾದ ಸಂಗತಿಗಳು. ತಣಿಸುವ ನೀರಿನಲ್ಲಿ ಸ್ವಲ್ಪ ಹೀಗೆ ಹೊರಗೆ ಹೋಗುತ್ತದೆ ನಿಜ, ಅದರಿಂದ ನನ್ನ ಎಂಜಿನ್ ಬಿಸಿ ಏರಿದ್ದಿಲ್ಲ. ಎಚ್ಚರ ಎರಡು ಬೇಕು. ಪೈಪು ನಡುವೆ ಜೋತು ಬೀಳದೆ ಮೇಲ್ಮುಖವಾಗಿಯೇ ಹೋಗಲಿ. ಅದರ ಬಾಯಿ ದೋಣಿ ಎಷ್ಟೇ ವಾಲಿದರೂ ನೀರಿನಲ್ಲಿ ಮುಳುಗದಿರಲಿ. ಮುಳುಗಿದರೆ ಗಾಳಿಯ ಬದಲು ಅಲ್ಲಿಂದಲೂ ಸಮುದ್ರವೇ ಬರುತ್ತದೆ.

ಮೂರನೆಯದು ಕೈಯಿಂದ ಸೀಕಾಕ್, ಅಂದರೆ ಸಮುದ್ರದ ನೀರು ಒಳಬರುವ ತೂತಿಗೆ ಕೂರಿಸಿದ ನಲ್ಲಿ, ಮುಚ್ಚುವುದು. ಖರ್ಚಿಲ್ಲ, ನಂಬಿಕೆಗೂ ಕೊರತೆಯಿಲ್ಲ. ಆದರೆ ಮತ್ತೆ ತೆರೆಯದೆ ಎಂಜಿನ್ ಓಡಿಸಿದರೆ ಒಣ ಇಂಪೆಲ್ಲರ್ ಬೇಗನೆ ಹರಿದುಹೋಗುತ್ತದೆ. ಅದಕ್ಕೇ ಎಂಜಿನ್ ಬೀಗದ ಕೈಯನ್ನು ಸೀಕಾಕಿನ ಹಿಡಿಗೇ ತೂಗುಹಾಕುವುದು ಅನೇಕ ನಾವಿಕರ ರೂಢಿ. ಅದನ್ನು ನಾನೂ ಪಾಲಿಸುತ್ತೇನೆ. ಲೂಪ್ ಇದ್ದರೂ ಸೀಕಾಕ್ ಬೇಕೇ ಬೇಕಾದ ಸಂದರ್ಭ ಒಂದಿದೆ. ಎಂಜಿನ್ ಹತ್ತದೆ ಸ್ಟಾರ್ಟರನ್ನು ಮತ್ತೆ ಮತ್ತೆ ತಿರುಗಿಸುವಾಗ ಪಂಪೇ ನೀರು ತಳ್ಳುತ್ತಿರುತ್ತದೆ. ಆ ನೀರನ್ನು ಹೊರಗೆ ನೂಕಲು ಹೊಗೆಯ ಒತ್ತಡ ಇರುವುದಿಲ್ಲ. ಸೈಲೆನ್ಸರ್ ತುಂಬಿ ನೀರು ಸಿಲಿಂಡರಿಗೆ ಏರುತ್ತದೆ. ಇದು ಸೈಫನ್ ಅಲ್ಲ, ಹಾಗಾಗಿ ಯಾವ ಲೂಪೂ ಇದನ್ನು ತಡೆಯದು. ಹಠ ಹಿಡಿದ ಎಂಜಿನ್ ಇದ್ದರೆ ಸೀಕಾಕ್ ಮುಚ್ಚಿ ತಿರುಗಿಸಿ, ಹತ್ತಿದ ಕ್ಷಣ ತೆರೆಯಿರಿ.

ಇನ್ನು ಟಾಯ್ಲೆಟ್. ನನ್ನ ದೋಣಿಯಲ್ಲಿ ಕೈಪಂಪಿನದ್ದು, ಬಟ್ಟಲಿನ ಅಂಚು ಸಮುದ್ರಮಟ್ಟಕ್ಕಿಂತ ಕೆಳಗಿದೆ. ಅಮೆರಿಕದಲ್ಲಿ ದಡದಿಂದ 3 ನಾಟಿಕಲ್ ಮೈಲಿಯೊಳಗೆ ಶುದ್ಧೀಕರಿಸದ ಮಲಿನವನ್ನು ಸಮುದ್ರಕ್ಕೆ ಬಿಡುವಂತಿಲ್ಲ. ಕೊಲ್ಲಿಯಲ್ಲಿ ಎಲ್ಲವೂ ಟ್ಯಾಂಕಿಗೇ ಹೋಗುತ್ತದೆ. ಹಾಗಾಗಿ ನನಗೆ ಮುಖ್ಯವಾದದ್ದು ನೀರು ಒಳಗೆ ಬರುವ 19 ಮಿ.ಮೀ. ಪೈಪು. ಪಂಪಿನ ಮೇಲಿನ ಚಿಕ್ಕ ಲಿವರನ್ನು ‘ಒಣ’ ಕಡೆಗೆ ತಿರುಗಿಸಿದರೆ ಸಾಕು ಅನ್ನುವವರಿದ್ದಾರೆ. ಹೊಸ ಪಂಪಿನಲ್ಲಿ ಅದು ತಡೆಯುತ್ತದೆ. ಸೀಲ್ ಸವೆದ ಮೇಲೆ ಬಟ್ಟಲು ತಾನೇ ತುಂಬಿ ಅಂಚು ಮೀರುತ್ತದೆ.

ಇಲ್ಲಿ ವಾಲ್ವಿನ ಬ್ರಾಂಡಿಗಿಂತ ಲೂಪ್ ಕೂರುವ ಜಾಗ ದೊಡ್ಡದು. ಸೀಕಾಕಿಗೂ ಪಂಪಿಗೂ ನಡುವೆ ಹಾಕಿದರೆ ಪಂಪು ನೀರಿನ ಬದಲು ನೆತ್ತಿಯಿಂದ ಗಾಳಿ ಎಳೆಯುತ್ತದೆ. ಎಷ್ಟು ಒತ್ತಿದರೂ ಸುಮ್ನೆ ಸದ್ದು. ಪಂಪಿಗೂ ಬಟ್ಟಲಿಗೂ ನಡುವೆ ಹಾಕಿದರೆ ಪಂಪು ನೀರನ್ನು ಮೇಲಕ್ಕೆ ತಳ್ಳುತ್ತದೆ, ಅದು ಲೂಪ್ ದಾಟಿ ಬಟ್ಟಲಿಗೆ ಇಳಿಯುತ್ತದೆ. ಪಂಪಿನಿಂದ ಬಟ್ಟಲಿನ ಹಿಂಭಾಗಕ್ಕೆ ಬರುವ ಗಿಡ್ಡ ಪೈಪನ್ನು ತೆಗೆದು ಉದ್ದದ್ದು ಹಾಕಿದರೆ ಮುಗಿಯಿತು. ಈ ಲೂಪಿಗೆ ವಾಲ್ವ್ ಇದ್ದರೆ ಸಾಕು. ಹತ್ತಿರ ಬಿಸಿ ಇಲ್ಲ, ಉಪ್ಪು ಕಟ್ಟುವುದು ನಿಧಾನ. ಆದರೂ ಮನೆಗೆ ಹೊರಡುವಾಗ ಟಾಯ್ಲೆಟ್ಟಿನ ಸೀಕಾಕನ್ನು ಮುಚ್ಚಿಯೇ ಹೊರಡುತ್ತೇನೆ.

ದೋಣಿಯ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಪೈಪು ಹಿಂಬದಿಯಲ್ಲಿ ಹೊರಬೀಳುತ್ತದೆ. ದೋಣಿ ವಾಲಿದಾಗ ಅದರ ಬಾಯಿ ಮುಳುಗುತ್ತದೆ. ಇದಕ್ಕೆ ಒಂದೇ ದಿಕ್ಕಿಗೆ ನೀರು ಬಿಡುವ ಚೆಕ್ ವಾಲ್ವ್ ಹಾಕಿ ನೋಡಿದೆ, ತೆಗೆದುಬಿಟ್ಟೆ. ಒಂದು ಕಸದ ಎಳೆ ಸಿಕ್ಕಿದರೂ ಅದು ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದಾಗಲೂ ಮೇಲಿನ ನೀರಿನ ಭಾರ ತಳ್ಳಿ ತೆರೆಯಲು ಸಣ್ಣ ವಿದ್ಯುತ್ ಪಂಪಿಗೆ ಕಷ್ಟ. ಸೈಫನ್ ತಡೆಗೆ ಚೆಕ್ ವಾಲ್ವನ್ನು ನೆಚ್ಚಬಾರದು ಅನ್ನುವುದು ಅಮೆರಿಕದ ದೋಣಿ ಮಾನದಂಡ ಸಂಸ್ಥೆ ಎಬಿವೈಸಿಯ ನಿಲುವೂ ಹೌದು. ಡೆಕ್ಕಿನ ಅಡಿಯವರೆಗೆ ಎತ್ತಿದ, ಗಾಳಿ ಕಿಂಡಿಯಿರುವ ಲೂಪ್ ಈಗ ಆ ಕೆಲಸ ಮಾಡುತ್ತಿದೆ. ಹೊರಬಾಯನ್ನೇ ಇನ್ನೂ ಮೇಲಕ್ಕೆ ಸಾಗಿಸಿದರೆ ಮತ್ತೂ ಭದ್ರ. ಮುಂದಿನ ಸಲ ದೋಣಿಯನ್ನು ನೀರಿನಿಂದ ಮೇಲೆತ್ತಿದಾಗ ಅದನ್ನು ಮಾಡಿಸುತ್ತೇನೆ, ಹಳೆಯ ತೂತನ್ನು ಫೈಬರ್‌ಗ್ಲಾಸಿನಿಂದ ಮುಚ್ಚಿಸುತ್ತೇನೆ.